ಸಾಲಿ ದಾರಿ, ಫೋನಿನ ದಾರಿ: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾ 19 ವರ್ಷ ಆಯಿತು. ಪಾಲಕರ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ "ಅಕ್ಕೋರ, ಒಂದ್ ಮಾತ್ರೀ" ಅಂತ ಶುರುವಾಗುತ್ತದೆ. ಕೆಲವರು ಮಕ್ಕಳ ಡೈರಿಯಲ್ಲಿ ಚೀಟಿ ಇಟ್ಟು ಕಳಿಸುತ್ತಾರೆ. ಧಾರವಾಡ, ಗದಗ, ಹಾವೇರಿ ಕಡೆಯ ನೆಂಟರು ಫೋನ್ ಹಚ್ಚುತ್ತಾರೆ. ಅವನ್ನೆಲ್ಲ ಇಲ್ಲಿ ಜೋಡಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ನಿದ್ದೆ ಕೆಡಿಸುವಂಥವು ಕೊನೆಗೆ.

## ಮನೆಯಿಂದ ಶಾಲೆಗೆ

ಎಷ್ಟು ವಯಸ್ಸಿಗೆ ಒಬ್ಬನ್ನ ಸಾಲಿಗೆ ಕಳಸಬಹುದ್ರೀ?

ನಡುವೆ ದೊಡ್ಡ ರಸ್ತೆ ದಾಟುವುದಿದ್ದರೆ ಒಂಬತ್ತು ಹತ್ತು ವರ್ಷದ ತನಕ ಬೇಡ. ಬರುವ ಗಾಡಿ ದೂರ ಇದೆ ಅನ್ನೋದು ಸಣ್ಣ ಮಗುವಿಗೆ ಕಾಣುತ್ತದೆ. ಅದು ಎಷ್ಟು ಜೋರಾಗಿ ಬರುತ್ತಿದೆ ಅನ್ನೋದು ಅಂದಾಜಾಗುವುದಿಲ್ಲ. ಎತ್ತರ ಬೇರೆ ಕಮ್ಮಿ. ರಸ್ತೆ ಬದಿ ನಿಲ್ಲಿಸಿದ ಕಾರಿನ ಹಿಂದೆ ನಿಂತ ಎರಡನೇ ಕ್ಲಾಸಿನ ಹುಡುಗ ಡ್ರೈವರನಿಗೆ ಕಾಣುವುದೇ ಇಲ್ಲ. ಬೇಕಿದ್ದರೆ ಒಮ್ಮೆ ಅವನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ರಸ್ತೆ ನೋಡಿ.

ನನ್ನ ಮಗಳಿಗೆ ನಾನು ಬಿಟ್ಟಿದ್ದು ಮೂರು ಕಂತಿನಲ್ಲಿ. ಒಂದು ತಿಂಗಳು ಕೈ ಹಿಡಿದೇ ನಡೆದೆ, ಆದರೆ "ಈಗ ದಾಟೋಣ" ಅಂತ ಹೇಳುವ ಕೆಲಸ ಅವಳದು. ಮುಂದಿನ ತಿಂಗಳು ಹತ್ತು ಹೆಜ್ಜೆ ಹಿಂದೆ ನಡೆದೆ. ಒಂದು ದಿನ ಅವಳೇ ತಿರುಗಿ, "ಅವ್ವಾ, ನೀ ಬರಬ್ಯಾಡ, ಗೆಳತ್ಯಾರು ನಗತಾರ" ಅಂದಳು. ಆಮೇಲೆ ಓಣಿಯ ತುದಿಯಲ್ಲೇ ನಿಂತೆ.

"ಬಲಕ್ಕ ನೋಡು, ಎಡಕ್ಕ ನೋಡು" ಅಂದ್ರ ಸುಮ್ನ ತಲಿ ಅಲ್ಲಾಡಸ್ತಾನ. ಹೆಂಗ ಕಲಸೋದು?

"ನೋಡು" ಅನ್ನೋದನ್ನು ಬಿಟ್ಟು "ಏನು ಕಾಣಿಸ್ತು?" ಅಂತ ಕೇಳಿ. "ಕೆಂಪು ಬಸ್, ಒಂದು ಟಂಟಂ, ಆ ಕಡೆಯಿಂದ ರಾಂಗ್ ಸೈಡಿನಲ್ಲಿ ಒಂದು ಬೈಕ್" ಅಂದರೆ ನಿಜವಾಗಿ ನೋಡಿದ್ದಾನೆ. ನಮ್ಮೂರಲ್ಲಿ ರಾಂಗ್ ಸೈಡ್ ಬೈಕನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಾಟಲಿಕ್ಕೇ ಬರುವುದಿಲ್ಲ, ಅಲ್ವಾ?

ಇನ್ನೊಂದನ್ನು ಮಾತ್ರ ಗಿಣಿಪಾಠ ಮಾಡಿಸಿ. ಬಸ್ಸಿನಿಂದ ಇಳಿದ ಮೇಲೆ ಬಸ್ಸಿನ ಮುಂದಿನಿಂದ ದಾಟಬಾರದು. ಬಸ್ ಹೋಗಲಿ, ರಸ್ತೆ ಕಾಣಲಿ, ಆಮೇಲೆ ಹೆಜ್ಜೆ. ನಿಂತ ಬಸ್ಸನ್ನು ಹಿಂದಿನ ಗಾಡಿಯವನು ಓವರ್‌ಟೇಕ್ ಮಾಡುವಾಗ ಮುಂದಿನಿಂದ ಓಡಿ ಬರುವ ಮಗು ಅವನಿಗೆ ಕೊನೇ ಕ್ಷಣದ ತನಕ ಕಾಣುವುದಿಲ್ಲ.

ಫುಟ್‌ಪಾತ್ ಇಲ್ಲದ ಹಳ್ಳಿ ರಸ್ತೆಯಲ್ಲಿ ಬಲಗಡೆ ನಡೆಯಲಿ, ಎದುರು ಬರುವ ಗಾಡಿ ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಛತ್ರಿಗಿಂತ ಗಾಢ ಹಳದಿ ಅಥವಾ ಕೇಸರಿ ರೇನ್‌ಕೋಟ್ ಮೇಲು. ಛತ್ರಿ ಗಾಳಿಗೆ ಬಾಗಿ ಅರ್ಧ ರಸ್ತೆಯನ್ನೇ ಮುಚ್ಚುತ್ತದೆ.

ಚಿಗರಿ ಸ್ಟಾಪ್ ನಡು ರಸ್ತ್ಯಾಗ ಅದ. ಹುಡುಗೀನ ಕಳಸಾಕ ಅಂಜಿಕಿ ಬರ್ತದ.

ಅಂಜಿಕೆ ಸರಿಯಾಗಿಯೇ ಇದೆ. ಚಿಗರಿ ಅಂದರೆ ನಡು ರಸ್ತೆಯಲ್ಲಿ ತನಗೇ ಮೀಸಲಾದ ದಾರಿಯಲ್ಲಿ ಓಡುವ ಬಸ್ಸು. ಬಸ್ಸಿನೊಳಗೆ ಚಿಂತೆ ಕಮ್ಮಿ. ಸ್ಟೇಷನ್ನಿನ ತನಕ ನಡೆಯುವುದೇ ಕಷ್ಟ. ಹುಬ್ಬಳ್ಳಿ ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಚಿಗರಿ ದಾರಿ ಇದೆ. ಬಹುತೇಕ ಕಡೆ ಮಕ್ಕಳು ಮೊದಲು ಸಾದಾ ಗಾಡಿಗಳ ರಸ್ತೆ ದಾಟಬೇಕು, ಆಮೇಲೆ ಬಸ್ಸಿನ ದಾರಿ. ಮೊದಲನೆಯದು ದಾಟಿದ ಕೂಡಲೇ "ಮುಗೀತು" ಅಂತ ಓಡುತ್ತಾರೆ. ಬಸ್ಸಿನ ದಾರಿ ಖಾಲಿ ಕಾಣುತ್ತದೆ, ಖಾಲಿ ಇರೋದರಿಂದಲೇ ಅಲ್ಲಿ ಚಿಗರಿ ಜೋರಾಗಿ ಬರುತ್ತದೆ.

ಹಾಗಾಗಿ ಇದು ಒಂದು ರಸ್ತೆ ಅಲ್ಲ, ಎರಡು ರಸ್ತೆ ಅಂತ ಹೇಳಿಕೊಡಿ. ಪ್ರತಿಯೊಂದಕ್ಕೂ ಬೇರೆ ನಿಲ್ಲೋದು, ಬೇರೆ ನೋಡೋದು. ಸಿಗ್ನಲ್ ಇದ್ದಲ್ಲಿ ಮಾತ್ರ ದಾಟಬೇಕು, ಗ್ರಿಲ್ ಸಂದಿಯಲ್ಲಿ ನುಸುಳಬಾರದು. ಒಂದು ಚಿಗರಿ ತಪ್ಪಿದರೆ ಹಿಂದೆಯೇ ಇನ್ನೊಂದು ಇರುತ್ತದೆ ಅನ್ನೋದನ್ನೂ ಹೇಳಿ. ಓಡುವುದು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ.

ಓಣ್ಯಾಗ ನಾಯಿ ಕಾಟ. ಏನ್ ಹೇಳಿ ಕಳಸೋಣು?

ಓಡಬಾರದು. ಕೈ ಮೈಗೆ ಹತ್ತಿಸಿ ಮರದ ಹಾಗೆ ನಿಲ್ಲಬೇಕು, ನಾಯಿಯ ಕಣ್ಣಲ್ಲಿ ಕಣ್ಣಿಡಬಾರದು. ಮರಿ ಹಾಕಿದ ನಾಯಿಯ ಹತ್ತಿರ ಹೋಗಲೇಬಾರದು. ಕಚ್ಚಿದರೆ, ಉಗುರು ತಾಗಿ ಗೀರಿದರೂ ಅಷ್ಟೇ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅದೇ ದಿನ ಸರ್ಕಾರಿ ದವಾಖಾನೆಗೆ ಕರೆದೊಯ್ಯಿರಿ. ಖಾರಪುಡಿ, ಸುಣ್ಣ, ಅರಿಶಿಣ ಯಾವುದೂ ಬೇಡ. ಇಂಜೆಕ್ಷನ್ ಕೋರ್ಸನ್ನು ನಡುವೆ ಬಿಡಬೇಡಿ. ನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಹುಡುಗರನ್ನು ನೋಡಿದ್ದೇನೆ. ಅದು ಕಚ್ಚಿದ್ದಕ್ಕಿಂತ ಅಪಾಯ.

ಯಾರರ ಬಂದು "ನಿಮ್ಮಪ್ಪ ಕಳಿಸ್ಯಾನ, ಬಾ" ಅಂದ್ರ?

ಮನೆಗೊಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಕಾಕಾ ಬರಲಿ, ಪಕ್ಕದ ಮನೆಯ ಅಂಕಲ್ ಬರಲಿ, ಆ ಮಾತು ಹೇಳದಿದ್ದರೆ ಮಗು ಗೇಟು ದಾಟಬಾರದು. ನಮ್ಮನೆಯಲ್ಲಿ ಅದು ತವರುಮನೆಯ ಎಮ್ಮೆಯ ಹೆಸರಾಗಿತ್ತು. ಒಮ್ಮೆ ನನ್ನ ತಮ್ಮನೇ ಮರೆತು ಬಂದು, ಅರ್ಧ ತಾಸು ಬಿಸಿಲಲ್ಲಿ ನಿಂತ. ಸಿಟ್ಟು ಮಾಡಿಕೊಂಡ, ಆಮೇಲೆ ಎಲ್ಲರ ಮುಂದೆ ಸೋದರ ಸೊಸೆಯನ್ನು ಹೊಗಳಿದ. ಈಗ ಆ ಹೆಸರು ಬದಲಾಗಿದೆ, ಅದಕ್ಕೇ ಬರೆದೆ.

"ಅಪರಿಚಿತರ ಹತ್ತಿರ ಮಾತಾಡಬೇಡ" ಅಂತ ಮಾತ್ರ ಹೇಳಿದರೆ ಸಾಲದು. ಮಕ್ಕಳಿಗೆ ತೊಂದರೆ ಕೊಡುವವರು ಎಷ್ಟೋ ಸಲ ಪರಿಚಯದವರೇ. "ಅವ್ವಗ ಹೇಳಬ್ಯಾಡ" ಅಂತ ಯಾರು ಹೇಳಿದರೂ, ಅದನ್ನೇ ಮೊದಲು ಬಂದು ಹೇಳಬೇಕು ಅಂತ ಕಲಿಸಿ. ಆಪತ್ತಿಗೆ 112, ಮಕ್ಕಳ ಸಹಾಯವಾಣಿ 1098. ಎರಡೂ ಬಾಯಿಪಾಠ ಆಗಿರಲಿ, ನಿಮ್ಮ ಮೊಬೈಲ್ ನಂಬರಿನ ಜೊತೆ.

## ಗಾಡಿ, ಆಟೋ, ಬಸ್ಸು

ಸಾಲಿ ಎರಡೇ ಕಿಲೋಮೀಟರ್. ಟ್ಯಾಂಕ್ ಮ್ಯಾಲೆ ಕುಂದ್ರಿಸಿಕೊಂಡು ಹೋದ್ರ ಏನಾಗ್ತದ?

ಜೋರಾಗಿ ಬ್ರೇಕ್ ಹಾಕಿದರೆ ಮಗುವಿನ ಎದೆ, ಮುಖ ಮೊದಲು ಹ್ಯಾಂಡಲ್‌ಗೆ, ಹಿಂದಿನಿಂದ ನಿಮ್ಮ ಭಾರ. ಎರಡೇ ಕಿಲೋಮೀಟರ್ ಇದ್ದರೂ ಬ್ರೇಕ್ ಬ್ರೇಕೇ.

ಕಾನೂನು ಹೀಗಿದೆ: ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ ಜೊತೆ, ಓಡಿಸುವವರಿಗೆ ಮಗುವನ್ನು ಕಟ್ಟುವ ಬೆಲ್ಟೂ ಬೇಕು. ಆಗ ಗಾಡಿ 40 ಕಿಲೋಮೀಟರ್ ವೇಗ ದಾಟಬಾರದು. 2022ರಲ್ಲಿ ಬಂದ ನಿಯಮ ಇದು. ಹೆಲ್ಮೆಟ್ ಕೊಳ್ಳುವಾಗ ಮಗುವಿನ ತಲೆಗೇ ಹಾಕಿ, ಪಟ್ಟಿ ಬಿಗಿದು, ತಲೆ ತಿರುಗಿಸಲು ಹೇಳಿ. ತಲೆ ತಿರುಗಿ ಹೆಲ್ಮೆಟ್ ಅಲ್ಲೇ ನಿಂತರೆ ಅದು ದೊಡ್ಡದು. "ಮುಂದಿನ ವರ್ಷಕ್ಕೂ ಆಗ್ತದ" ಅನ್ನುವ ಲೆಕ್ಕ ಯೂನಿಫಾರ್ಮ್‌ಗೆ ಸರಿ, ಹೆಲ್ಮೆಟ್‌ಗೆ ಅಲ್ಲ.

ಹಿಂದೆ ಕೂರಿಸಿದಾಗ ಹಿಮ್ಮಡಿ ಕಡೆ ಕಣ್ಣಿರಲಿ. ಕಾಲು ಫುಟ್‌ರೆಸ್ಟಿಗೆ ಮುಟ್ಟದ ಮಕ್ಕಳ ಪಾದ ಜೋತಾಡುತ್ತದೆ, ಚಕ್ರದ ಕಡ್ಡಿಗೆ ಸಿಕ್ಕರೆ ಚರ್ಮವೇ ಎದ್ದು ಬರುತ್ತದೆ. ಸ್ಟೈಲಿಗೆ ಸೀರೆ ಗಾರ್ಡ್ ಬಿಚ್ಚಿಸಿದ ಗಾಡಿಯಲ್ಲಿ ಮಗುವನ್ನು ಕೂರಿಸಬೇಡಿ. ಅವ್ವಂದಿರು ಸೆರಗು, ವೇಲ್ ಸಿಕ್ಕಿಸಿಕೊಳ್ಳಿ.

ಸಾಲಿ ಆಟೋ, ವ್ಯಾನ್ ನಂಬಬಹುದಾ? ಏನ್ ನೋಡಬೇಕು?

ನಂಬರ್ ಪ್ಲೇಟ್ ನೋಡಿ. ಕೆಎ 25 ಇರಲಿ, 63 ಇರಲಿ, ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆಗೆ ಓಡಿಸುವ ಗಾಡಿ. ಬಿಳಿ ಹಲಗೆಯ ಸ್ವಂತ ಕಾರಿನಲ್ಲಿ ದುಡ್ಡು ತಗೊಂಡು ಮಕ್ಕಳನ್ನು ಒಯ್ಯುವಂತಿಲ್ಲ. ಆಮೇಲೆ ತಲೆ ಎಣಿಸಿ. ಮೂರು ಜನರ ಆಟೋದಲ್ಲಿ ಹತ್ತು ಹುಡುಗರು, ಹೊರಗೆ ಜೋತಾಡುವ ಬ್ಯಾಗು, ಡ್ರೈವರನ ಎರಡೂ ಪಕ್ಕ ಒಬ್ಬೊಬ್ಬರು: ಇದು ಕಂಡರೆ ಬೇಡ. ಶಾಲೆಯ ಬಸ್ಸಾದರೆ ಹಳದಿ ಬಣ್ಣ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ನಂದಿಸುವ ಸಿಲಿಂಡರ್, ಮಕ್ಕಳನ್ನು ಇಳಿಸಿ ಹತ್ತಿಸುವ ಆಯಾ ಇದ್ದಾರಾ ನೋಡಿ.

ಡ್ರೈವರಣ್ಣನ ಲೈಸೆನ್ಸಿನ ಫೋಟೋ ಕೇಳಿ ಇಟ್ಟುಕೊಳ್ಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಒಳ್ಳೆಯವರು ಖುಷಿಯಾಗಿಯೇ ಕೊಡುತ್ತಾರೆ. ಮಕ್ಕಳಿಂದಲೂ ಒಂದು ಮಾತು ತೆಗೆಯಬಹುದು. "ಅಂಕಲ್ ಗಾಡಿ ಹೊಡಿಯುವಾಗ ಫೋನ್ ಹಿಡೀತಾರೇನು?" ಅಂತ ಕೇಳಿ. ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ನಮ್ಮ ಹಳ್ಳಿಗೆ ಮುಂಜಾನೆ ಒಂದ ಬಸ್ಸು. ಹುಡುಗ್ರು ಬಾಗಿಲದಾಗ ಜೋತಾಡ್ತಾರ.

ಇದಕ್ಕೆ ಮಗುವಿಗೆ ಬುದ್ಧಿ ಹೇಳಿ ಉಪಯೋಗ ಇಲ್ಲ. ಬಸ್ ಒಂದೇ ಇದ್ದರೆ ಅವನು ಇನ್ನೇನು ಮಾಡಬೇಕು? 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾದಾ ಬಸ್ ಉಚಿತ ಆಗಿದ್ದು ಒಳ್ಳೆಯದೇ, ನನ್ನ ಎಷ್ಟೋ ವಿದ್ಯಾರ್ಥಿನಿಯರು ಅದರಿಂದಲೇ ಕಾಲೇಜಿಗೆ ಹೋಗುತ್ತಿದ್ದಾರೆ. ಆದರೆ ಅಷ್ಟೇ ಬಸ್ಸಿನಲ್ಲಿ ಮಂದಿ ಜಾಸ್ತಿಯಾದರು. ಊರಿನ ಪಾಲಕರು, ಹೆಡ್‌ಮಾಸ್ತರು, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಸೇರಿ, ಎಷ್ಟು ಮಕ್ಕಳು, ಯಾವ ಸ್ಟಾಪ್, ಯಾವ ಹೊತ್ತು ಅಂತ ಬರೆದು, ನಿಮ್ಮ ಕಡೆಯ ವಾಯವ್ಯ ಸಾರಿಗೆಯ ಡಿಪೋ ಮ್ಯಾನೇಜರ್‌ಗೆ ಕೊಡಿ. ಸಂಖ್ಯೆ ಇರುವ ಅರ್ಜಿಗೆ ತೂಕ ಇರುತ್ತದೆ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಹಾವೇರಿ, ಧಾರವಾಡ ಕಡೆ ಕಬ್ಬಿನ ಹಂಗಾಮಿನಲ್ಲಿ ಇನ್ನೊಂದು ಆಟ ಇದೆ. ಟ್ರ್ಯಾಕ್ಟರಿನ ಹಿಂದೆ ಓಡಿ ಕಬ್ಬು ಎಳೆಯೋದು. ನಾವೂ ಎಳೆದವರೇ, ಅದಕ್ಕೇ ಬೈಯಲು ನಾಚಿಕೆ. ಆದರೆ ಈಗ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಇರುತ್ತವೆ. ಮೊದಲನೆಯದರಿಂದ ಎಳೆಯುವ ಹುಡುಗನ ಬೆನ್ನ ಹಿಂದೆಯೇ ಎರಡನೆಯದರ ಗಾಲಿ ಬರುತ್ತಿರುತ್ತದೆ. ಶನಿವಾರದ ಸಂಜೆ ಮನೆಯಲ್ಲೇ ಎರಡು ಗಳ ಕಬ್ಬು ತಂದು ಕೊಡಿ.

ಮಗ ಹತ್ತನೇತ್ತಾ. ಟ್ಯೂಷನ್ನಿಗೆ ಸ್ಕೂಟಿ ಒಯ್ತೀನಿ ಅಂತಾನ. ಎಲ್ಲಾ ಹುಡುಗ್ರೂ ಒಯ್ತಾರ.

ಕೊಡಬೇಡಿ. 18 ತುಂಬದ ಮಗ ಗಾಡಿ ಓಡಿಸಿ ಸಿಕ್ಕರೆ ತಪ್ಪು ಗಾಡಿ ಕೊಟ್ಟವರದು. 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ. ಮನೆಯಲ್ಲಿರುವ ಸ್ಕೂಟಿ ಸಾಮಾನ್ಯವಾಗಿ 100 ಸಿಸಿ ಮೇಲಿನದು. ಸೈಕಲ್ ಕೊಡಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿಸಿ. ಎರಡು ದಿನ ಮುಖ ಊದಿಸಿಕೊಳ್ಳುತ್ತಾನೆ, ಅಷ್ಟೇ.

## ಫೋನ್ ಕೈಗೆ ಬಂದಾಗ

ಹೋಮ್‌ವರ್ಕ್ ವಾಟ್ಸಾಪಿನ್ಯಾಗ ಬರ್ತದ. ಫೋನ್ ಕೊಡದ ಹೆಂಗ?

ಇದರಲ್ಲಿ ಶಾಲೆಗಳ ತಪ್ಪೂ ಇದೆ, ಒಪ್ಪುತ್ತೇನೆ. ಹೋಮ್‌ವರ್ಕನ್ನು ನೀವೇ ನೋಡಿ, ನೋಟ್‌ಬುಕ್ಕಿನಲ್ಲಿ ಬರೆಸಿ, ಫೋನ್ ವಾಪಸ್ ತಗೊಳ್ಳಿ. ಹತ್ತು ನಿಮಿಷದ ಕೆಲಸಕ್ಕೆ ಎರಡು ತಾಸು ಫೋನ್ ಬೇಕಾಗಿಲ್ಲ.

ರಸ್ತೆಗೆ ಮಾಡಿದ ಹಾಗೇ ಇದನ್ನೂ ಕಂತಿನಲ್ಲಿ ಬಿಡಿ. ಸಣ್ಣವರಿಗೆ ಮನೆಯ ಫೋನು, ಪಡಸಾಲೆಯಲ್ಲಿ, ನಿಮ್ಮ ಪಕ್ಕ. ಸ್ವಲ್ಪ ದೊಡ್ಡವರಾದ ಮೇಲೆ ಅವರದೇ ಫೋನು, ಆದರೆ ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕು. ಗೂಗಲ್‌ನ ಫ್ಯಾಮಿಲಿ ಲಿಂಕ್ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಎಷ್ಟು ಹೊತ್ತು, ಯಾವ ಆ್ಯಪ್, ರಾತ್ರಿ ಎಷ್ಟಕ್ಕೆ ಬಂದ್, ಎಲ್ಲ ನಿಮ್ಮ ಫೋನಿನಿಂದ ಇಡಬಹುದು. ರಾತ್ರಿ ಎಲ್ಲರ ಫೋನೂ ಪಡಸಾಲೆಯಲ್ಲೇ ಚಾರ್ಜಿಗೆ. ಎಲ್ಲರ ಅಂದರೆ ನಿಮ್ಮದೂ. ನಮ್ಮನೆಯಲ್ಲಿ ಈ ನಿಯಮ ಮೊದಲು ಮುರಿದದ್ದು ಯಜಮಾನರು.

ಫೋನ್ ತೋರಿಸದಿದ್ರ ಊಟಾನ ಮಾಡಂಗಿಲ್ಲ.

ಮೂರು ನಾಲ್ಕು ದಿನ ಅಳುತ್ತದೆ, ಆಮೇಲೆ ಹಸಿವು ಗೆಲ್ಲುತ್ತದೆ. ಅಜ್ಜಿಯನ್ನು ಮಾತ್ರ ಮೊದಲೇ ನಿಮ್ಮ ಪಕ್ಷಕ್ಕೆ ಸೇರಿಸಿಕೊಳ್ಳಿ.

ಇನ್‌ಸ್ಟಾಗ್ರಾಂ ಎಷ್ಟು ವಯಸ್ಸಿಗೆ? ಮಗಳು ಆಗಲೇ ತಗದಾಳ.

ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡಕ್ಕೂ ಕಂಪನಿ ಇಟ್ಟ ವಯಸ್ಸು 13. ಮಗಳು ಆಗಲೇ ತೆರೆದಿದ್ದರೆ ಯಾವ ಹುಟ್ಟಿದ ವರ್ಷ ಹಾಕಿದ್ದಾಳೆ ಕೇಳಿ. ಬಹಳಷ್ಟು ಮಕ್ಕಳು ಸುಮ್ನೆ 2000 ಅಂತ ಹಾಕುತ್ತಾರೆ. ಆಗ ಆ್ಯಪ್ ಅವಳನ್ನು ದೊಡ್ಡವಳು ಅಂತ ತಿಳಿಯುತ್ತದೆ. ನಿಜವಾದ ವರ್ಷ ಇದ್ದರೆ ಟೀನ್ ಅಕೌಂಟ್ ಆಗುತ್ತದೆ: ಖಾತೆ ಪ್ರೈವೇಟ್ ಇರುತ್ತದೆ, ಗೊತ್ತಿಲ್ಲದವರು ಮೆಸೇಜ್ ಕಳಿಸಲಾಗುವುದಿಲ್ಲ, 16 ಆಗದವರು ಇದನ್ನು ಸಡಿಲ ಮಾಡಲು ಪಾಲಕರ ಒಪ್ಪಿಗೆ ಬೇಕು. ಒಂದು ಸುಳ್ಳು ವರ್ಷಕ್ಕೆ ಇಷ್ಟೂ ಬೇಲಿ ಬಿದ್ದು ಹೋಗುತ್ತದೆ.

13 ಆಗದಿದ್ದರೆ ಖಾತೆ ತೆಗೆಸಿ. ಆಗಿದ್ದರೆ ಅವಳ ಜೊತೆ ಕೂತು ಫಾಲೋವರ್ ಪಟ್ಟಿ ನೋಡಿ. "ಇವರು ಯಾರು?" ಅಂತ ಒಂದೊಂದಾಗಿ ಕೇಳಿ. ಎದುರಿಗೆ ನೋಡಿದ್ದೀನಿ ಅಂತ ಹೇಳಲಾಗದವರನ್ನು ಅವಳ ಕೈಯಿಂದಲೇ ತೆಗೆಸಿ.

ಮಕ್ಕಳ ಫೋನ್ ಕದ್ದು ನೋಡಿದ್ರ ತಪ್ಪೇನು?

ಕದ್ದು ನೋಡಿದ್ದು ಒಂದಿಲ್ಲೊಂದು ದಿನ ಗೊತ್ತಾಗುತ್ತದೆ. ಮರುದಿನವೇ ಎರಡನೇ ಖಾತೆ ಹುಟ್ಟುತ್ತದೆ, ಅದು ನಿಮಗೆ ಕಾಣುವುದಿಲ್ಲ. "ನಾನು ಆಗಾಗ ನೋಡ್ತೀನಿ" ಅಂತ ಮೊದಲೇ ಹೇಳಿ ನೋಡುವುದು ಬೇರೆ. ಹೈಸ್ಕೂಲಿನ ಮಕ್ಕಳಾದರೆ ಗೆಳತಿಯರ ಹರಟೆ ಓದುವುದು ಬೇಡ, ಯಾರ ಜೊತೆ ಮಾತು ಅನ್ನೋದು ಗೊತ್ತಿದ್ದರೆ ಸಾಕು ಅನ್ನೋದು ನನ್ನ ಮತ. ಒಪ್ಪದವರೂ ಇದ್ದಾರೆ, ನಮ್ಮ ಸ್ಟಾಫ್‌ರೂಮಿನಲ್ಲೇ.

ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ಫೋಟೋ ಸ್ಟೇಟಸ್ ಹಾಕಬಾರದಾ?

ಹಾಕಿ. ಹಾಕುವ ಮುಂಚೆ ಫೋಟೋದಲ್ಲಿ ಶಾಲೆ ಹೆಸರಿನ ಬ್ಯಾಡ್ಜು, ಐಡಿ ಕಾರ್ಡು, ಮನೆ ನಂಬರ್, ಆಟೋ ನಂಬರ್ ಇದೆಯಾ ನೋಡಿ. ಶಾಲೆ ಬಿಡುವ ಹೊತ್ತಿಗೇ "ಈಗ ಇಲ್ಲಿದ್ದೇವೆ" ಅಂತ ಹಾಕಬೇಡಿ. ಸ್ನಾನದ, ಅರೆಬಟ್ಟೆಯ ಕೂಸಿನ ಫೋಟೋ ಎಷ್ಟೇ ಮುದ್ದಾಗಿದ್ದರೂ ಬೇಡ. ಬೇರೆಯವರ ಮಕ್ಕಳಿದ್ದರೆ ಅವರ ಅವ್ವಂದಿರನ್ನು ಒಂದು ಮಾತು ಕೇಳಿ.

## ಎಡವಟ್ಟಾದಾಗ

ಗೇಮಿನ್ಯಾಗ ಡೈಮಂಡ್ ತಗೊಂಡು ಎಂಟು ಸಾವಿರ ಹಾಳ ಮಾಡ್ಯಾನ. ವಾಪಸ್ ಬರ್ತಾವೇನು?

ಡೈಮಂಡ್ ಅಂದರೆ ಆಟದೊಳಗಿನ ನಾಣ್ಯ, ದುಡ್ಡು ಕೊಟ್ಟು ಕೊಳ್ಳೋದು. ಆ ದುಡ್ಡು ಪ್ಲೇ ಸ್ಟೋರ್ ಮೂಲಕ ಹೋಗಿದ್ದರೆ 48 ಗಂಟೆಯೊಳಗೆ ರಿಫಂಡ್ ಕೇಳಿ. ಮಗು ನಮ್ಮ ಒಪ್ಪಿಗೆ ಇಲ್ಲದೆ ಕೊಂಡಿದೆ ಅಂತ ಬರೆಯಿರಿ. ಆಮೇಲೆ ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿ. ಯುಪಿಐ ಪಿನ್ ಬದಲಿಸಿ. ಪಿನ್ ಅವನಿಗೆ ಗೊತ್ತಾಗಿದ್ದು ಹೇಗೆ ಅಂತ ಕೇಳಿದರೆ, ಕಿರಾಣಿ ಅಂಗಡಿಯಲ್ಲಿ ನೀವೇ "ಒತ್ತಪಾ" ಅಂತ ಕೊಟ್ಟಿರುತ್ತೀರಿ!

"ಡೈಮಂಡ್ ಪುಕ್ಕಟೆ ಕೊಡ್ತೀವಿ" ಅನ್ನುವ ಲಿಂಕ್ ಒತ್ತಿ ಹೋಗಿದ್ದರೆ ಅದು ಮೋಸ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಯಬಹುದು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು 2025ರ ಕಾನೂನು ದೇಶದಲ್ಲೇ ನಿಷೇಧಿಸಿದೆ. ಹಾಗಾಗಿ ಅಂಥದ್ದು ಫೋನಿನಲ್ಲಿ ಕಂಡರೆ ಅನುಮಾನವೇ ಬೇಡ.

ವಾಟ್ಸಾಪಿಗೆ ಬಂದ ಮದುವಿ ಪತ್ರಿಕಿ ಹುಡುಗ ಒತ್ತಿಬಿಟ್ಟಾನ. ಈಗ ಫೋನ್ ಒಂಥರಾ ಮಾಡ್ತದ.

ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತಾ? ಹಾಗಿದ್ದರೆ ಅದು ಪತ್ರಿಕೆ ಅಲ್ಲ, ನಿಮ್ಮ ಮೆಸೇಜು, ಓಟಿಪಿ ಓದುವ ಆ್ಯಪ್. ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ಹಣ ಹೋಗಿದ್ದರೆ 1930. ಆಮೇಲೆ ಫೋನ್ ರಿಪೇರಿಯವರ ಕಡೆ ರಿಸೆಟ್ ಮಾಡಿಸಿ. ಇದೇ ಮೋಸ ಟ್ರಾಫಿಕ್ ದಂಡದ ನೋಟಿಸ್ ವೇಷದಲ್ಲೂ ಬರುತ್ತದೆ.

ಕ್ಲಾಸಿನ ಗ್ರೂಪಿನ್ಯಾಗ ಒಬ್ಬಾಕಿ ಫೋಟೋ ಸ್ಟಿಕರ್ ಮಾಡಿ ನಗ್ಯಾಡ್ತಾರ. ಮಾಡಿದವ ನನ್ನ ಮಗನ.

ಹೀಗೆ ಬಂದು ಕೇಳಿದ ಪಾಲಕರು ನನಗೆ ಸಿಕ್ಕಿದ್ದು ಒಬ್ಬರೇ. ಉಳಿದವರೆಲ್ಲ ತಮ್ಮ ಮಗನನ್ನು ಬಿಟ್ಟು ಬೇರೆಯವರ ಮಗನ ಬಗ್ಗೆ ಹೇಳುತ್ತಾರೆ. ಈ ಪಾಲಕರು ಮಗನನ್ನು ಹೊಡೆಯಲಿಲ್ಲ. ಮಗನ ಎದುರೇ ಸ್ಟಿಕರ್ ತೆಗೆಸಿದರು. ಅವನನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದರು. ಹುಡುಗಿಯ ಅಪ್ಪ ಬಾಗಿಲಲ್ಲೇ ನಿಂತು ಒಂದು ಮಾತೂ ಆಡಲಿಲ್ಲವಂತೆ. ಹುಡುಗ ತಲೆ ತಗ್ಗಿಸಿ "ತಪ್ಪಾತು" ಅಂದ. ಅವ್ವ ಒಳಗಿನಿಂದ ಚಹಾ ಕಳಿಸಿದಳು. ಶಾಲೆಯಲ್ಲಿ ನಾವು ಏನು ಶಿಕ್ಷೆ ಕೊಟ್ಟರೂ ಅಷ್ಟು ನಾಟುತ್ತಿರಲಿಲ್ಲ.

ಯಾರೋ ಮಗಳ ಫೋಟೋ ಇಟ್ಕೊಂಡು ಹೆದರಸಾಕತ್ಯಾರ. ಮನಿಯವರಿಗೆ ಹೇಳಿದ್ರ ಕೊಂದ ಬಿಡ್ತಾರ.

ಮೊದಲು ಮಗಳ ಪಕ್ಕ ಕೂರಿ. "ಹೇಳಿದ್ದು ಒಳ್ಳೆಯದಾಯ್ತು" ಅನ್ನಿ. ಫೋಟೋ ಯಾಕೆ ಕಳಿಸಿದೆ ಅನ್ನುವ ವಿಚಾರಣೆ ಇವತ್ತು ಬೇಡ. ಈ ಗಳಿಗೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಡಬೇಡಿ. ಮನಸ್ಸು ತೀರಾ ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಅವನ ಹೆಸರು, ನಂಬರ್, ಬೆದರಿಕೆಯ ಮೆಸೇಜು, ಯುಪಿಐ ಐಡಿ ಸ್ಕ್ರೀನ್‌ಶಾಟ್ ತೆಗೆದು, ಆಮೇಲೆ ಬ್ಲಾಕ್ ಮಾಡಿ. ಮಗಳ ಆ ಫೋಟೋವನ್ನು ಮಾತ್ರ ಸಾಕ್ಷಿ ಅಂತ ಮಾಮಾಗೆ, ಕಾಕಾಗೆ ಕಳಿಸಲೇಬೇಡಿ. 18 ಆಗದವರ ಅಂಥ ಚಿತ್ರ ಹಂಚುವುದೇ ಅಪರಾಧ.

ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಕೊಡಬಹುದು. ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಫೋಟೋ ಹರಡುವುದನ್ನು ತಡೆಯಲು "ಟೇಕ್ ಇಟ್ ಡೌನ್" ಅನ್ನುವ ಉಚಿತ ಸೇವೆ ಇದೆ. ಫೋಟೋ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿಕೊಂಡ ಕಂಪನಿಗಳು ಆ ಗುರುತು ಹಿಡಿದು ತಮ್ಮ ಆ್ಯಪ್‌ನಲ್ಲಿ ಚಿತ್ರವನ್ನು ತಡೆಯುತ್ತವೆ. ಮುಖ ಅಂಟಿಸಿ ಎಐನಲ್ಲಿ ಮಾಡಿದ ಸುಳ್ಳು ಫೋಟೋ ಇದ್ದರೂ ದಾರಿ ಇದೇ.

ಪೊಲೀಸರ ಕಡೆ ಹೋದ್ರ ಹುಡುಗಿ ಹೆಸರು ಹೊರಗ ಬರ್ತದಲ್ರೀ? ಮುಂದ ಲಗ್ನ ಆಗಬೇಕು.

ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಇದು, ಅದೂ ಪಿಸುಮಾತಿನಲ್ಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾನೂನು ಇದನ್ನು ಮೊದಲೇ ಯೋಚಿಸಿದೆ. ಮಗುವಿನ ಹೆಸರು, ಫೋಟೋ, ಶಾಲೆ, ಊರು, ಗುರುತು ಹತ್ತುವ ಯಾವುದನ್ನೂ ಪತ್ರಿಕೆ, ಟಿವಿಯವರು ಹಾಕುವಂತಿಲ್ಲ. ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಅಥವಾ ಮಗು ಹೇಳಿದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಅವ್ವನೋ ಅಪ್ಪನೋ, ಮಗು ನಂಬುವವರೊಬ್ಬರು ಪಕ್ಕದಲ್ಲಿರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. "ನಮ್ಮ ಹದ್ದಿಗೆ ಬರೋದಿಲ್ಲ" ಅಂತ ವಾಪಸ್ ಕಳಿಸುವಂತೆಯೂ ಇಲ್ಲ. ಯಾವ ಠಾಣೆಯಾದರೂ ದೂರು ಬರೆದುಕೊಂಡು, ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಇನ್ನೊಂದು ವಿಷಯ ಪಾಲಕರಿಗೆ ಗೊತ್ತಿರೋದಿಲ್ಲ. ಇಂಥದ್ದು ಗೊತ್ತಾದ ಮೇಲೆ ಶಾಲೆಯವರು "ನಮ್ಮ ಹೆಸರು ಕೆಡ್ತದ, ಒಳಗೊಳಗೇ ಮುಗಿಸೋಣ" ಅನ್ನುವಂತಿಲ್ಲ. ತಿಳಿಸದಿದ್ದರೆ ಅದೇ ಒಂದು ಅಪರಾಧ. ಠಾಣೆ ಮೆಟ್ಟಿಲು ಹತ್ತಲು ಅಂಜಿಕೆ ಇದ್ದರೆ 1098ಕ್ಕೆ ಮೊದಲು ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಹೋಗುವುದಿಲ್ಲ. ಹೋಗುವ ದಿನ ಜೊತೆಗೆ ಒಬ್ಬರು ಬೇಕು ಅನ್ನಿಸಿದರೆ ಗೇಟಿನ ಹತ್ತಿರ ನನಗೆ ಹೇಳಿ, ನಾನು ಬರುತ್ತೇನೆ.